ಒಂಬತ್ತರಲ್ಲಿ ಆರು

ನನ್ನ ಆಯುಷ್ಯ ಇನ್ನೆಷ್ಟು ಉಳಿದಿದೆ ಎಂಬುದು ನನಗಿಂತ ಮೊದಲು ನನ್ನ ಬಾವನವರಿಗೆ ಗೊತ್ತಾಯಿತು. ಬಾವನವರೆಂದರೆ ನನ್ನ ಗಂಡನ ಅಣ್ಣ ಚನಬಸಪ್ಪ. ಡಾಕ್ಟರೇನಲ್ಲ, ಬನಹಟ್ಟಿಯಲ್ಲಿ ಸೀರೆ ವ್ಯಾಪಾರಿ. ನನ್ನ ಎಡ ಎದೆಯಿಂದ ಗಡ್ಡೆಯನ್ನೂ ಕಂಕುಳಿನಿಂದ ಕೆಲವು ಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ವರದಿ ಬಂದ ದಿನ ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಂಗ್ಲಿಷಿನ ಸಾಲುಗಳನ್ನೆಲ್ಲ ಬಿಟ್ಟು, ಅಂಕಿಗಳನ್ನಷ್ಟೇ ಓದಿದರು.

“ಒಂಬತ್ತ ತಗದಾರ. ಒಂಬತ್ತರಾಗ ಆರು ಕೆಟ್ಟಾವು” ಎಂದರು.

ಹಾಳೆ ಮಡಚಿ ನನ್ನ ಗಂಡನ ಕೈಗೆ ಕೊಟ್ಟು, ಬಾಗಿಲ ಕಡೆ ತಿರುಗಿ ನಿಂತುಬಿಟ್ಟರು. ಮುಗಿಯಿತು, ನನ್ನ ತೀರ್ಪು ಆಗಿಹೋಯಿತು.

ಅವರ ಲೆಕ್ಕ ತಿಳಿಯಬೇಕಾದರೆ ನಮ್ಮೂರಿನ ಧಂದೆ ಸ್ವಲ್ಪ ತಿಳಿಯಬೇಕು. ನೇಕಾರರ ಮನೆಯಿಂದ ಸೀರೆಯ ಮೂಟೆ ಅಂಗಡಿಗೆ ಬಂದರೆ ಯಾರೂ ಎಲ್ಲ ಸೀರೆಗಳನ್ನು ಬಿಚ್ಚಿ ನೋಡುತ್ತ ಕೂರುವುದಿಲ್ಲ. ಮೇಲಿನ ಎಂಟು-ಹತ್ತನ್ನು ಎಳೆದು, ಗಾದಿಯ ಮೇಲೆ ಹರವಿ, ಎಳೆ ಹರಿದಿದೆಯೇ, ಎಣ್ಣೆಯ ಕಲೆ ಇದೆಯೇ, ಅಂಚು ಸೊಟ್ಟಗಿದೆಯೇ ಎಂದು ನೋಡುತ್ತಾರೆ. ಒಂದೋ ಎರಡೋ ಕೆಟ್ಟಿದ್ದರೆ ನಾಲ್ಕು ಮಾತು ಬೈದು ಇಟ್ಟುಕೊಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಉಳಿದವನ್ನು ಬಿಚ್ಚುವುದೇ ಇಲ್ಲ, ಇಡೀ ಲಾಟು ಡ್ಯಾಮೇಜ್ ಎಂದು ಮೂಲೆಗೆ ತಳ್ಳುತ್ತಾರೆ. ಹುಡುಗನಾಗಿದ್ದಾಗಿನಿಂದ ಹೀಗೆ ಸೀರೆ ನೋಡಿಕೊಂಡು ಬಂದ ಮನುಷ್ಯ ನನ್ನ ಕಂಕುಳನ್ನೂ ಹಾಗೆಯೇ ನೋಡಿದರು.

ನಾನು ಅಲ್ಲೇ ಗೋಡೆಗೆ ಒರಗಿ, ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.

“ಬಾವಾರ, ನಾ ಇಲ್ಲೇ ಕುಂತೀನಿ. ನನಗೂ ಏನಂತ ಹೇಳ್ರಿ” ಎಂದೆ.

“ಏನಿಲ್ಲವ್ವಾ. ಆರಾಮ ಆಗತೈತಿ ಬಿಡು” ಎಂದರು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಾವನವರು ನನ್ನ ಹತ್ತಿರ ಅಷ್ಟು ಮೆತ್ತಗೆ ಮಾತನಾಡಿದ್ದೇ ಇಲ್ಲ. ಚಹಾ ತಡವಾದರೆ ಅಂಗಳದಿಂದಲೇ ಕೂಗುವ ಮನುಷ್ಯ ಅವರು. ಆ ಮೆತ್ತನೆ ದನಿಯಲ್ಲೇ ನನಗೆ ವರದಿ ತಿಳಿಯಿತು.

ಗಡ್ಡೆ ಕೈಗೆ ಸಿಕ್ಕದ್ದು ಸ್ನಾನ ಮಾಡುವಾಗ. ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಪವರ್‌ಲೂಮ್ ಮಗ್ಗಗಳಿವೆ. ನಾನು ಬೆಳಿಗ್ಗೆಯಿಂದ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಕೂರುವವಳು. ಎಡಗೈ ಜಗ್ಗಿದಂತಾಗುತ್ತಿದ್ದುದನ್ನು ಕೆಲಸದ ನೋವು ಎಂದುಕೊಂಡಿದ್ದೆ. ಗಡ್ಡೆ ಸಿಕ್ಕ ದಿನವೇ ಗಂಡನಿಗೆ ಹೇಳಿದೆ. ಈರಪ್ಪ, ಅಂದರೆ ನನ್ನ ಗಂಡ, ಹೆದರಿ ನನ್ನನ್ನು ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಹೆಸರು ಬೇಡ, ಅಲ್ಲಿನ ಡಾಕ್ಟರು ತಮಗೆ ತಿಳಿದಷ್ಟನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು.

ವರದಿ ಬಂದ ಮೇಲೆ ನಮ್ಮ ಮನೆ ಸಾವಿನ ಮನೆಯಾಯಿತು, ಸತ್ತವಳು ಇನ್ನೂ ಊಟ ಮಾಡುತ್ತ ಕೂತಿದ್ದಳು ಅಷ್ಟೇ. ಓಣಿಯ ಹೆಂಗಸರು ಮೋಸಂಬಿ ತಂದು, “ನೀ ಏನೂ ಮನಸ್ಸಿಗೆ ಹಚ್ಕೋಬ್ಯಾಡ” ಎನ್ನುವರು, ಹೇಳಿ ಮುಗಿಸುವ ಮೊದಲೇ ಅಳುವರು. ಅವರನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಒಬ್ಬಳಂತೂ, “ಏನರ ತಿನ್ನಬೇಕು ಅನಿಸತೈತೇನು? ಹೋಳಿಗಿ ಮಾಡ್ಕೊಂಡು ಬರ್ಲೇನು?” ಎಂದು ಕೇಳಿದಳು. ಗಲ್ಲಿಗೇರುವವರನ್ನು ಕೇಳುತ್ತಾರಂತಲ್ಲ, ಹಾಗೆ. ನನಗೆ ಮೈಯೆಲ್ಲ ಉರಿದು, “ಮಾಡ್ಕೊಂಡು ಬಾ, ಜೋಡಿ ತುಪ್ಪಾನೂ ತಾ” ಎಂದೆ. ಪುಣ್ಯಾತ್ಗಿತ್ತಿ ತಂದಳು, ನಾನು ತಿಂದೆ, ಛಲೋ ಆಗಿತ್ತು.

ಇನ್ನೊಂದು ದಿನ ಮಧ್ಯಾಹ್ನ ಮಲಗಿದ್ದವಳಿಗೆ ಥಟ್ಟನೆ ಎಚ್ಚರವಾಯಿತು. ಮಗ್ಗಗಳ ಸದ್ದು ನಿಂತಿತ್ತು. ಕರೆಂಟ್ ಹೋಯಿತೇ ಎಂದು ನೋಡಿದರೆ ಫ್ಯಾನು ತಿರುಗುತ್ತಿದೆ. ನನಗೆ ತ್ರಾಸವಾಗುತ್ತದೆಂದು ಬಾವನವರೇ ಬಂದ್ ಮಾಡಿಸಿದ್ದರು. ಮಗಳು ವೀಣಾಳನ್ನು ಆ ಸದ್ದಿನಲ್ಲೇ ತೊಟ್ಟಿಲಲ್ಲಿ ಹಾಕಿ ತೂಗಿದವಳು ನಾನು, ಅದು ನಿಂತರೆ ನನಗೆ ನಿದ್ದೆ ಹೇಗೆ ಬರಬೇಕು? ಎದ್ದು ಹೋಗಿ ನಾನೇ ಎಲ್ಲ ಗುಂಡಿ ಒತ್ತಿದೆ. ಖಟಾಖಟಾ ಶುರುವಾಯಿತು. ಬಂದು ಮಲಗಿದೆ.

ಆದರೆ ಆ ಮೌನದ ಹಿಂದೆ ಇನ್ನೊಂದು ಮಾತುಕತೆ ನಡೆದಿತ್ತು. ಅದು ನನ್ನ ಕಿವಿಗೆ ಬಿದ್ದದ್ದು ಈರಪ್ಪನವರಿಂದ. ಅವರು ನೀರಿನ ತಂಬಿಗೆ ತಂದಿಟ್ಟು, ಹೋಗದೆ ಅಲ್ಲೇ ನಿಂತರು.

“ತೇರದಾಳದಿಂದ ವೀಣಾಗ ಒಂದು ಸಂಬಂಧ ಬಂದೈತಿ. ಛಲೋ ಮನಿತನ, ಅರಬಿ-ಬಟ್ಟಿ ಅಂಗಡಿ ಐತಿ. ಅಣ್ಣ ಅಂತಾನ, ಲಗೂನ ಮುಗಿಸಿಬಿಡೂಣು ಅಂತ.”

“ಯಾಕ ಲಗೂನ?”

“ನಿನಗ ಗೊತ್ತೈತಲ್ಲ.”

“ನನಗೇನೂ ಗೊತ್ತಿಲ್ಲ. ಬಾಯಿ ಬಿಟ್ಟು ಹೇಳ್ರಿ.”

ಅವರು ತಂಬಿಗೆಯನ್ನು ಒಮ್ಮೆ ಎತ್ತಿ ಮತ್ತೆ ಅದೇ ಜಾಗದಲ್ಲಿಟ್ಟು ಹೊರಗೆ ಹೋದರು. ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ನಮ್ಮಲ್ಲಿ ಒಂದು ರೂಢಿ ಇದೆ. ಮನೆಯಲ್ಲಿ ತಂದೆಯೋ ತಾಯಿಯೋ ಸತ್ತರೆ ಮಕ್ಕಳ ಮದುವೆಯನ್ನು ವರ್ಷ ತುಂಬುವುದರೊಳಗೆ ಮಾಡಿ ಮುಗಿಸಬೇಕು. ಮುಗಿಸದಿದ್ದರೆ ಆಮೇಲೆ ಮೂರು ವರ್ಷ ಮಾಡುವಂತಿಲ್ಲ. ವರ್ಷದೊಳಗೆ ಮಾಡಿದರೆ ಅಳುವ ಮನೆಯಲ್ಲಿ ಬಾಜಾ ಬಜಂತ್ರಿ, ಮೂರು ವರ್ಷ ಕಾದರೆ ಹುಡುಗಿಯ ವಯಸ್ಸು ಏರುತ್ತದೆ. ಅದಕ್ಕೇ ಯಾರಾದರೂ ಹಾಸಿಗೆ ಹಿಡಿದರೆಂದರೆ ಹಿರಿಯರು ಮೊದಲು ನೋಡುವುದು ಡಾಕ್ಟರ ಮುಖವನ್ನು, ಆಮೇಲೆ ನೋಡುವುದು ಪಂಚಾಂಗವನ್ನು. ವೀಣಾ ನನ್ನ ಒಬ್ಬಳೇ ಮಗಳು. ಜಮಖಂಡಿಗೆ ದಿನಾಲೂ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು, ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡುತ್ತೇನೆಂದು ಕುಣಿಯುತ್ತಿದ್ದಳು. ಒಂಬತ್ತರಲ್ಲಿ ಆರು ಎಂಬ ಲೆಕ್ಕ ನನ್ನ ಕಂಕುಳಿನಿಂದ ಎದ್ದು ಹೋಗಿ ಅವಳ ಕುತ್ತಿಗೆಗೆ ಬಿದ್ದಿತ್ತು.

ಬೆಳಗಾವಿಗೆ ಹೋಗೋಣ ಎಂದು ಹಟ ಹಿಡಿದವಳೂ ಅವಳೇ. ನಾನು, ಈರಪ್ಪ, ವೀಣಾ ಮೂವರೂ ಬೆಳಗಿನ ಬಸ್ಸು ಹತ್ತಿದೆವು. ಅಲ್ಲಿನ ಕ್ಯಾನ್ಸರ್ ವಿಭಾಗದ ಎದುರು ಉದ್ದನೆಯ ಬೆಂಚುಗಳಿದ್ದವು. ಬಸ್‌ಸ್ಟ್ಯಾಂಡಿನಲ್ಲಾದರೆ ಯಾವ ಊರು, ಯಾರ ಪೈಕಿ ಎಂದು ಜನ ತಾವಾಗಿ ಕೇಳುತ್ತಾರೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಪ್ಲಾಸ್ಟಿಕ್ ಚೀಲವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬಳೇ ಒಬ್ಬಳು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ಜೋರಾಗಿ ಅಗಿಯುತ್ತಿದ್ದಳು.

“ಯಕ್ಕಾ, ತಗೋ. ಒಳಗ ಕರಿಯೂತನಾ ಉಪವಾಸ ಕುಂತ್ರ ಅದೇನು ತಾನಾಗೆ ಕರಗಿ ಹೋಗತೈತೇನು?” ಎಂದು ನನಗೂ ಅರ್ಧ ರೊಟ್ಟಿ ಕೊಟ್ಟಳು.

ಬೀಳಗಿ ಕಡೆಯ ಯಲ್ಲವ್ವ. ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ಅವಳ ಕಂಕುಳಲ್ಲಿ ತೆಗೆದವು ಹದಿನೈದು, ಕೆಟ್ಟವು ಹದಿನಾಲ್ಕು. ನಾನು ನನ್ನದನ್ನು ಹೇಳಿದಾಗ, “ಅಯ್ಯ, ನಿಂದೇನು ಬಿಡು” ಎಂದು ಚಟ್ನಿಯ ಕೈ ಝಾಡಿಸಿದಳು. ವರದಿ ಬಂದಾಗಿನಿಂದ ನನ್ನ ರೋಗವನ್ನು ಹಗುರ ಮಾಡಿದವಳು ಅವಳೊಬ್ಬಳೇ. ನಾನು ಮನಸ್ಸು ಬಿಚ್ಚಿ ನಕ್ಕೆ, ಹೊಲಿಗೆ ಜಗ್ಗಿ ನೋವಾಯಿತು.

ಒಳಗಿದ್ದ ಡಾಕ್ಟರು ಧಾರವಾಡದ ಹೆಣ್ಣುಮಗಳು. ವಯಸ್ಸು ಹೆಚ್ಚಿಲ್ಲ, ಕಣ್ಣ ಕೆಳಗೆ ನಿದ್ದೆಗೇಡಿನ ಕಪ್ಪು. ವರದಿಯನ್ನು ಪೂರ್ತಿ ಓದಿದರು, ಅಂಕಿಗಳನ್ನಷ್ಟೇ ಅಲ್ಲ. ಆಮೇಲೆ ವರದಿಯನ್ನು ಬದಿಗಿಟ್ಟು ನನ್ನ ಕಂಕುಳನ್ನು ಬೆರಳುಗಳಿಂದ ಒತ್ತಿ ಒತ್ತಿ ನೋಡಿದರು.

“ಒಂಬತ್ತು ಸಾಲೂದಿಲ್ರಿ ಅವ್ವಾ” ಎಂದರು. “ಎದಿಗೆ ಹತ್ತಿರ ಇರೂ ಗ್ರಂಥಿಗೆ ರೋಗ ಸಾಮಾನ್ಯವಾಗಿ ಮೊದಲ ಬರತೈತಿ. ಹತ್ತಿರದ್ದಷ್ಟ ತಗದು ಎಣಿಸಿದ್ರ ಕೆಟ್ಟದ್ದ ಹೆಚ್ಚು ಕಾಣತೈತಿ. ಮ್ಯಾಲಿನವೂ ತಗೀಬೇಕು. ಎಷ್ಟರಾಗ ಎಷ್ಟು ಅಂತ ಆಮ್ಯಾಲ ಹೇಳೂಣು.”

ಇನ್ನೊಮ್ಮೆ ಆಪರೇಷನ್ ಎಂದಕೂಡಲೇ ಈರಪ್ಪ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡರು. ನನಗೂ ಭಯವಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಭಯಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿತ್ತು.

“ಎಷ್ಟರಾಗ ಎಷ್ಟು ಅಂತ ಗೊತ್ತಾದ್ರ ನಾ ಎಷ್ಟ ವರ್ಷ ಬದಕತೀನಿ ಅದೂ ಗೊತ್ತಾಗತೈತೇನ್ರಿ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ನಿಮ್ಮಂಥಾ ಭಾಳ ಮಂದಿ ಹೆಣ್ಮಕ್ಕಳನ್ನ ಸಾಲಿಗೆ ನಿಲ್ಲಿಸಿದ್ರ ಅವರಾಗ ಎಷ್ಟ ಮಂದಿ ಉಳೀತಾರ ಅಂತ ಆ ಲೆಕ್ಕದ ಮ್ಯಾಲ ಅಂದಾಜ ಹೇಳಬಹುದು. ಆ ಸಾಲಿನಾಗ ನೀವು ಯಾರು ಅಂತ ನನಗ ಗೊತ್ತಾಗೂದಿಲ್ಲ. ನಿಮಗ ಯಾವ ಔಷಧ, ಎಷ್ಟ ಗಟ್ಟಿ ಕೊಡಬೇಕು ಅನ್ನಾಕ ನನಗ ಆ ಲೆಕ್ಕ ಬೇಕು.”

“ಅಂದ್ರ ಅದು ಔಷಧದ ಲೆಕ್ಕ.”

“ಹೌದ್ರಿ.”

“ಮದುವಿ ಮುಹೂರ್ತದ್ದಲ್ಲ.”

ಅವರಿಗೆ ಅರ್ಥವಾಗಲಿಲ್ಲ. ವೀಣಾಗೆ ಆಯಿತು, ತಲೆ ತಗ್ಗಿಸಿದಳು.

ಎರಡನೆಯ ಆಪರೇಷನ್ನಿನಲ್ಲಿ ಇನ್ನೂ ಹನ್ನೆರಡು ತೆಗೆದರು. ಅದರ ವರದಿಗೆ ಕಾಯುವುದಿದೆಯಲ್ಲ, ಅದನ್ನು ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ, ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ನಾನು ದೇವರಿಗೆ ಹರಕೆ ಹೊತ್ತೆ, ಬೈದೆ, ಮತ್ತೆ ಹರಕೆ ಹೊತ್ತೆ. ಹನ್ನೆರಡರಲ್ಲಿ ಕೆಟ್ಟದ್ದು ಒಂದೇ ಒಂದು. ಒಟ್ಟು ಇಪ್ಪತ್ತೊಂದರಲ್ಲಿ ಏಳು. ಡಾಕ್ಟರು ಹಿಗ್ಗಲಿಲ್ಲ, ಆದರೆ ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ನನ್ನ ಮುಖ ನೋಡಿ ಮಾತನಾಡಿದರು. ಗಟ್ಟಿ ಔಷಧವೇ ಬೇಕು, ಆದರೆ ಕೊಡುವುದಕ್ಕೆ ಅರ್ಥವಿದೆ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮನೆಗೆ ಬಂದು ಹೇಳಿದಾಗ ಬಾವನವರು ಹುಬ್ಬು ಗಂಟಿಕ್ಕಿದರು.

“ಅಂದ್ರ ಆರು ಇದ್ದದ್ದು ಏಳಾತು.”

“ಬಾವಾರ, ಒಂದು ಕೇಳತೀನಿ” ಎಂದೆ. “ಮೂಟಿ ಲಾರಿಯಾಗ ಬರೂಮುಂದ ಮಳಿ ಬಿತ್ತು ಅಂತ ತಿಳೀರಿ. ಮ್ಯಾಲಿನ ಸೀರಿ ನೆನೀತಾವ. ಮ್ಯಾಲಿನ ಒಂಬತ್ತು ಎಳದು, ಆರಕ್ಕ ಕಲಿ ಬಿದ್ದಾವಂತ ಇಡೀ ಲಾಟು ಡ್ಯಾಮೇಜ್ ಅಂತೀರೇನು?”

ಧಂದೆಯ ಮಾತಿನಲ್ಲಿ ಅವರು ಎಂದೂ ಸುಳ್ಳು ಹೇಳುವವರಲ್ಲ. “ಅನ್ನೂದಿಲ್ಲ. ನೆನದ ಮಾಲಾದ್ರ ತಳದ ತನಕಾ ಬಿಚ್ಚತೀನಿ” ಎಂದರು.

“ಬೆಳಗಾವ್ಯಾಗ ತಳದ ತನಕಾ ಬಿಚ್ಯಾರ.”

“ಬಿಚ್ಲಿ. ಏಳು ಏಳ ಅಲ್ಲೇನವ್ವಾ. ಸೀರಿ ಕೆಟ್ಟರ ಕಮ್ಮಿ ರೇಟಿಗೆ ಕೊಟ್ಟು ಕೈ ತೊಳಕೋತೀನಿ. ನೀ ಹ್ವಾದರ ಈ ಮನಿಯಾಗ...” ಎಂದವರು ಮಾತು ಮುಗಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದು ನಾನೆಂದೂ ಹೇಳುವುದಿಲ್ಲ. ಅಪ್ಪನಿಲ್ಲದ ನನ್ನ ಗಂಡನನ್ನು ಬೆಳೆಸಿದವರು ಅವರೇ. ಆದರೆ ಮದುವೆಯ ಮಾತು ನಿಲ್ಲಲಿಲ್ಲ.

ಕಿಮೋ ಶುರುವಾಯಿತು. ಕೆಂಪು ಔಷಧ ಹನಿಹನಿಯಾಗಿ ಮೈಯೊಳಗೆ ಇಳಿಯುತ್ತಿತ್ತು. ಬಾಯಿಗೆ ಇಟ್ಟದ್ದೆಲ್ಲ ಕಬ್ಬಿಣದ ರುಚಿ. ಕೂದಲು ಬಾಚಣಿಗೆಗೆ ಉಂಡೆಯಾಗಿ ಬಂತು, ನಾನೇ ಉಳಿದದ್ದನ್ನು ಬೋಳಿಸಿಕೊಂಡೆ. ಅದರಲ್ಲಿ ಒಂದು ಅನುಕೂಲವೆಂದರೆ ನಮ್ಮ ಕಡೆ ಗರತಿಯರು ತಲೆ ಮೇಲೆ ಸೆರಗು ಹೊದೆಯುವುದು. ಊರಿಗೆ ಊರೇ ನೋಡಿದರೂ ನನ್ನ ಬೋಳು ತಲೆ ಕಾಣಲಿಲ್ಲ. ಈ ಸೆರಗಿಗೆ ನಾನು ಮೊದಲು ಎಷ್ಟು ಗೊಣಗಿದ್ದೆ, ಆಗ ಅದೇ ಆಸರೆಯಾಯಿತು. ಯಲ್ಲವ್ವನದೂ ನನ್ನದೂ ಒಂದೇ ದಿನ ಬಂದರೆ ಅಕ್ಕಪಕ್ಕದ ಮಂಚ ಕೇಳಿ ಪಡೆಯುತ್ತಿದ್ದೆವು. ವಾಂತಿ ಬರದ ಹೊತ್ತು ನೋಡಿ ಅವಳು ತನ್ನ ಗಂಡನನ್ನು ಬೈಯುವಳು, ನಾನು ನನ್ನ ಬಾವನವರನ್ನು. ಅವಳ ಬೈಗುಳದ ಮುಂದೆ ನನ್ನವು ಏನೂ ಅಲ್ಲ.

ಮೂರನೆಯ ಸಲ ಕಿಮೋ ಮುಗಿಸಿ ಬಂದು ಮಲಗಿದ್ದಾಗ ವೀಣಾ ನನ್ನ ಅಂಗಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು.

“ಯವ್ವಾ, ನಾ ಹೂಂ ಅಂದೀನಿ ಬೇ.”

“ಯಾವುದಕ್ಕ?”

“ತೇರದಾಳದವರಿಗೆ. ದೊಡ್ಡಪ್ಪ ಕೇಳಿದ. ನೀ ಅಕ್ಕಿಕಾಳು ಹಾಕೂದನ್ನ ನಾ ನೋಡಬೇಕು.”

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ನನಗೂ ಆಸೆ ಇತ್ತು. ಇದನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮಗಳ ಹಣೆಗೆ ಬಾಸಿಂಗ ಕಟ್ಟಿದ್ದನ್ನು ಕಣ್ತುಂಬ ನೋಡಬೇಕು, ನಾನೇ ಆರಿಸಿದ ಸೀರೆಯನ್ನು ಅವಳಿಗೆ ಉಡಿಸಬೇಕು, ಆಮೇಲೆ ಏನಾದರೂ ಆಗಲಿ ಎಂದು ಮಲಗಿದಲ್ಲೇ ಎಷ್ಟು ಸಲ ಅಂದುಕೊಂಡಿದ್ದೆನೋ. ಬೇಡವೆಂದರೆ ನಾನು ಆ ದಿನವನ್ನು ನೋಡದೆಯೇ ಹೋಗಬಹುದು. ಆ ಯೋಚನೆಗೆ ಬಿಕ್ಕಿ ಬಿಕ್ಕಿ ಅತ್ತೆ. ಅವಳೂ ಅತ್ತಳು. ಅತ್ತು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಸಾವಿಗೆ ತನ್ನ ಬದುಕನ್ನು ಉಡುಗೊರೆ ಕೊಡಲು ಹೊರಟಿದ್ದಳು, ನಾನು ಅದನ್ನು ಕೈಚಾಚಿ ತೆಗೆದುಕೊಳ್ಳಲು ಹೊರಟಿದ್ದೆ.

“ಹುಡುಗನ್ನ ನೋಡೀಯೇನು?” ಎಂದು ಕೇಳಿದೆ.

“ಫೋಟೋ ನೋಡೀನಿ.”

“ಹ್ಯಾಂಗದಾನ?”

“ಅಡ್ಡಿ ಇಲ್ಲ.”

“ನಾ ಸೀರಿ ಕೇಳಾಕತ್ತಿಲ್ಲ, ಗಂಡನ್ನ ಕೇಳಾಕತ್ತೀನಿ. ಧಾರವಾಡದ್ದು ಏನಾತು?”

“ಆಮ್ಯಾಲ ನೋಡಿದ್ರಾತು ಬಿಡ ಬೇ. ಅವರೂ ಓದಸತೀವಿ ಅಂತಾರಂತ.”

‘ಅಂತಾರಂತ’ ಎನ್ನುವಾಗ ಅವಳು ಎಣ್ಣೆಯ ಬಟ್ಟಲನ್ನು ನೋಡುತ್ತಿದ್ದಳು, ನನ್ನನ್ನಲ್ಲ.

ತೇರದಾಳದವರು ಮುಂದಿನ ವಾರ ಬಂದರು. ಹುಡುಗನ ಅಜ್ಜ, ಹುಡುಗನ ತಾಯಿ, ಇನ್ನಿಬ್ಬರು. ನನಗೆ ಒಂದು ಸಣ್ಣ ಆಪರೇಷನ್ ಆಗಿದೆ ಎಂದಷ್ಟೇ ಅವರಿಗೆ ತಿಳಿಸಿದ್ದರು. ನಾನು ಒಳಕೋಣೆಯ ಬಾಗಿಲ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಬಾವನವರು ಬರುವ ತಿಂಗಳಲ್ಲೇ ಮುಹೂರ್ತವಿದೆ ಎಂದರು. ಅಜ್ಜ ಬಿಳಿ ಟೋಪಿ ಸರಿಮಾಡಿಕೊಂಡು ನಿಧಾನಕ್ಕೆ ಕೇಳಿದ: “ಹುಡುಗಿ ಪರೀಕ್ಷಿ ಇನ್ನಾ ಮುಗಿದಿಲ್ಲಂತ. ಇಷ್ಟ ಅವಸರ ಯಾಕ್ರಿ?”

“ಮುಂದ ಸೀಸನ್ ಬರತೈತ್ರಿ. ಆಮ್ಯಾಲ ನಮಗ ಪುರಸೊತ್ತು ಸಿಗೂದಿಲ್ಲ” ಎಂದರು ಬಾವನವರು.

ನಾನು ಎದ್ದೆ. ಗೋಡೆ ಹಿಡಿದುಕೊಂಡು ಮುಂದಿನ ಪಡಸಾಲೆಗೆ ಬಂದೆ. ಹೆಣ್ಣಿನ ತಾಯಿ ಗಂಡಸರ ಮಾತಿನ ನಡುವೆ ಬಂದು ನಿಲ್ಲುವುದು ನಮ್ಮ ಮನೆಯಲ್ಲಿ ಅದೇ ಮೊದಲು.

“ಅವಸರ ಸೀಸನ್ನಿಂದಲ್ರಿ ಯಜ್ಜಾ, ನನ್ನದು” ಎಂದೆ. “ನನಗ ಎದಿ ಕ್ಯಾನ್ಸರ್ ಆಗೇತಿ. ಕಂಕುಳಾಗಿನ ಗ್ರಂಥಿ ಇಪ್ಪತ್ತೊಂದು ತಗದಾರ, ಅದರಾಗ ಏಳಕ್ಕ ಬಂದಿತ್ತು. ನಾ ಸಾಯೂದರಾಗ ಮದುವಿ ಮುಗಿಸಬೇಕಂತ ನಮ್ಮ ಮನಿಯವರು ಗಡಿಬಿಡಿ ಮಾಡಾಕತ್ತಾರ. ನಿಮಗ ಸುಳ್ಳ ಹೇಳಿ ಹೆಣ್ಣು ಕೊಡೂದು ನನಗ ಬ್ಯಾಡ.”

ಈರಪ್ಪ ತಲೆ ಮೇಲೆ ಕೈ ಇಟ್ಟುಕೊಂಡರು.

“ಮಾದೇವಿ, ಒಳಗ ಹೋಗು” ಎಂದರು ಬಾವನವರು.

“ಹೋಗತೀನ್ರಿ. ಒಂದು ಮಾತು ಕೇಳಿ ಹೋಗತೀನಿ. ಸಾಯೋರ ಕೊನಿ ಮಾತು ನಡಸಬೇಕಂತ ನಿಮ್ಮ ಬಾಯಿಲೇನ ಎಷ್ಟೋ ಸಲ ಕೇಳೀನಿ. ಖರೆ ಹೌದಿಲ್ರಿ?”

ಅಷ್ಟು ಜನರ ಮುಂದೆ ಅವರು ಅಲ್ಲ ಎನ್ನುವ ಹಾಗಿರಲಿಲ್ಲ. “ಹೌದು” ಎಂದರು.

“ಹಂಗಾರ ಹಿರ್ಯಾರ ಮುಂದ ಹೇಳತೀನಿ, ಕೇಳ್ರಿ. ನಾ ಸತ್ತರ ವರ್ಷದೊಳಗ ವೀಣಾನ ಮದುವಿ ಮಾಡಬ್ಯಾಡ್ರಿ. ಮೂರ ವರ್ಷದ ರೂಢೀನ ಹಿಡೀರಿ. ಆ ಮೂರ ವರ್ಷ ಯಾರೂ ಹೆಣ್ಣ ಕೇಳಾಕ ಬರೂದಿಲ್ಲ, ಆಕಿ ಧಾರವಾಡದಾಗ ನೆಮ್ಮದೀಲೆ ಓದತಾಳ. ನಾ ಸಾಯಾಕತ್ತೀನಿ ಅಂತ ನಿಮಗ ಅನಿಸಿದ್ರ ಇದು ನನ್ನ ಕೊನಿ ಮಾತು, ನಡಸ್ರಿ. ಸಾಯೂದಿಲ್ಲ ಅನಿಸಿದ್ರ, ಅವಸರ ಯಾಕ ಅಂತ ಈ ಅಜ್ಜಾರು ಕೇಳಿದ್ದಕ್ಕ ಉತ್ತರಾ ಹೇಳ್ರಿ.”

ಅಜ್ಜ ಚಹಾವನ್ನು ಬಸಿಗೆ ಸುರುವಿಕೊಂಡು ಪೂರ್ತಿ ಕುಡಿದ. ಬಸಿ ಕೆಳಗಿಟ್ಟು, “ಚನಬಸಪ್ಪಾ, ಇದಕ್ಕ ನನ್ನ ಹತ್ರಾನೂ ಉತ್ತರಾ ಇಲ್ಲಪಾ. ಮನಿಯವರು ಕೂತು ಮಾತಾಡ್ಕೋರಿ” ಎಂದು ಎದ್ದ. ಯಾರೂ ಬಿರುಸಾಗಿ ಮಾತನಾಡಲಿಲ್ಲ. ಹುಡುಗನ ತಾಯಿ ಮಾತ್ರ ಹೊರಡುವಾಗ ನನ್ನ ಹತ್ತಿರ ಬಂದು, ಬಾತುಕೊಂಡಿದ್ದ ಎಡಗೈಯನ್ನು ಮೆಲ್ಲಗೆ ಮುಟ್ಟಿ, “ಭಾಳ ನೋಯತೈತೇನ್ರಿ?” ಎಂದು ಕೇಳಿದಳು. ಹೌದೆಂದೆ. ಅಷ್ಟು ದಿನಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವಳು ಡಾಕ್ಟರನ್ನು ಬಿಟ್ಟರೆ ಅವಳೇ. ಅವಳ ಮನೆಗೆ ಮಗಳನ್ನು ಕೊಟ್ಟಿದ್ದರೂ ಕೆಡುಕಾಗುತ್ತಿರಲಿಲ್ಲವೇನೋ ಎಂದು ಆಗ ಅನಿಸಿತು, ಈಗಲೂ ಅನಿಸುತ್ತದೆ.

ಅವರು ಮತ್ತೆ ಬರಲಿಲ್ಲ. ವೀಣಾ ಎರಡು ದಿನ ನನ್ನ ಜೊತೆ ಮಾತನಾಡಲಿಲ್ಲ. ನೀನು ಸಾಯುವ ಮಾತನ್ನು ಅಷ್ಟು ಸಲೀಸಾಗಿ ಆಡಿದೆಯಲ್ಲ ಎಂಬ ಸಿಟ್ಟು ಅವಳಿಗೆ. ಮೂರನೆಯ ದಿನ ಪುಸ್ತಕ ತೆಗೆದುಕೊಂಡು ಬಂದು ನನ್ನ ಮಂಚದ ಕಾಲಬದಿ ಕೂತು ಓದಲು ಶುರು ಮಾಡಿದಳು. ಬಾವನವರ ಮಾತು ಮಾತ್ರ ಕಿಮೋ ಮುಗಿಯುವವರೆಗೂ ನಿಂತೇಹೋಯಿತು. ಆದರೆ ಬೆಳಗಾವಿಗೆ ಹೋಗುವ ದಿನ ಅವರ ಕಾರು ತಾನಾಗಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಹಿಂದಿನ ಸೀಟಿನಲ್ಲಿ ಕೈ ಇಟ್ಟುಕೊಳ್ಳಲು ಒಂದು ದಿಂಬೂ ಇರುತ್ತಿತ್ತು. ರೇಡಿಯೇಷನ್ ಮುಗಿದು, ನನ್ನ ತಲೆಯ ಮೇಲೆ ಗುಂಗುರು ಕೂದಲು ಮೂಡುವ ಹೊತ್ತಿಗೆ ವೀಣಾಗೆ ಧಾರವಾಡದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಅವಳ ಟ್ರಂಕು ಹೊತ್ತುಕೊಂಡು ಹೋದವರು ಬಾವನವರೇ.

“ನಿಮ್ಮವ್ವನ ಕೊನಿ ಮಾತು” ಎಂದರಂತೆ ಮುಖ ಗಂಟಿಕ್ಕಿಕೊಂಡು. “ಆಕಿ ಲಗೂ ಸಾಯಂಗ ಕಾಣೂದಿಲ್ಲ. ಆದ್ರೂ ನಡಸಬೇಕಲ್ಲ.”

ನಾನು ಗೆದ್ದೆನೆಂದು ಬರೆಯುತ್ತಿಲ್ಲ. ದಿನಾಲೂ ಗುಳಿಗೆ ನುಂಗುತ್ತೇನೆ, ಕೀಲುಗಳೆಲ್ಲ ಹಿಡಿದುಕೊಳ್ಳುತ್ತವೆ, ಎಡಗೈಯಲ್ಲಿ ತುಂಬಿದ ಕೊಡ ಎತ್ತುವಂತಿಲ್ಲ. ತಪಾಸಣೆಗೆ ಹೋಗುವ ವಾರ ನನ್ನ ಬಾಯಿಗೆ ಯಾರೂ ಬರಬಾರದು. ಯಲ್ಲವ್ವನಿಗೆ ಎಲುಬಿಗೆ ಬಂದಿದೆ. ಅದಕ್ಕೂ ಔಷಧ ನಡೆದಿದೆ, ಅವಳು ಕೋಲು ಹಿಡಿದು ಕುರಿಯ ಹಿಂದೆ ಹೋಗುತ್ತಲೇ ಇದ್ದಾಳೆ. ಹದಿನೈದರಲ್ಲಿ ಹದಿನಾಲ್ಕು ಎಂದು ನೆನಪಿಸಿದರೆ, “ಉಳದದ್ದು ಒಂದೈತಲ್ಲ” ಎಂದು ಫೋನಿನಲ್ಲೇ ರೇಗುತ್ತಾಳೆ. ಇದನ್ನು ಓದುವವರಲ್ಲಿ ನನ್ನಂಥವರಿದ್ದರೆ, ನಿಮ್ಮ ವರದಿಯಲ್ಲೂ ಇಂಥ ಎರಡು ಅಂಕಿಗಳಿರುತ್ತವೆ. ಎಷ್ಟು ಕೆಟ್ಟಿವೆ ಎಂದು ಕೇಳಿ, ಎಷ್ಟು ತೆಗೆದರು ಎಂದೂ ಕೇಳಿ, ಅದರಿಂದ ಯಾವ ಔಷಧ ಬದಲಾಗುತ್ತದೆ ಎಂದು ಡಾಕ್ಟರನ್ನೇ ಕೇಳಿ. ಮನೆಯವರು ಅದರಿಂದ ಬೇರೆ ಏನನ್ನಾದರೂ ಬದಲಿಸಲು ಹೊರಟರೆ, ಎದ್ದು ಪಡಸಾಲೆಗೆ ಬನ್ನಿ.

ಹೋದ ವಾರ ವೀಣಾ ಫೋನ್ ಮಾಡಿದಳು. ಊಟ, ಪರೀಕ್ಷೆ, ದೊಡ್ಡಪ್ಪನ ಮಂಡಿನೋವು ಎಲ್ಲ ಆದಮೇಲೂ ಫೋನ್ ಇಡಲಿಲ್ಲ. “ಯವ್ವಾ, ನಿನಗ ಒಬ್ಬನ್ನ ಭೇಟಿ ಮಾಡಸಬೇಕು. ನನ್ನ ಜೋಡಿ ಓದತಾನ. ಈ ಐತವಾರನ ಕರಕೊಂಡು ಬರ್ಲೇನು?” ಎಂದಳು.

ನನ್ನ ಕಾಲು ಒಂದು ಗಳಿಗೆ ನೆಲದ ಮೇಲಿರಲಿಲ್ಲ. ಈಗಲೇ, ಈ ಐತವಾರವೇ, ನಾಳೆಯೇ ಬಾ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು.

“ಪರೀಕ್ಷಿ ಮುಗೀಲಿ” ಎಂದೆ. “ಸಾವಕಾಶ ಬರ್ರಿ.”